ಬ್ರೆಜಿಲ್ ವ್ಯಾಪಾರಕ್ಕೆ ಮುಂಚೆ

ಬ್ರೆಜಿಲ್‌ನಿಂದ ಅಗ್ಗದ ಸಕ್ಕರೆ ಕೊಡಿಸುತ್ತೇವೆಂದು ಸಂದೇಶ ಬಂದರೆ, ಚಂದದ ಕಾಗದಪತ್ರ ನೋಡಿ ಮುಂಗಡ ಕಳಿಸಿಬಿಡಬೇಡಿ. ಮೊದಲು ಆ ಕಂಪನಿಯ ನೋಂದಣಿ ಸಂಖ್ಯೆ ಸಿಎನ್‌ಪಿಜೆ ಕೇಳಿ. ಅಲ್ಲಿನ ತೆರಿಗೆ ಇಲಾಖೆ ರೆಸೀಟಾ ಫೆಡರಲ್‌ನ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ಪುಕ್ಕಟೆ ಪರಿಶೀಲಿಸಬಹುದು. ನೋಂದಣಿ ಚಾಲ್ತಿಯಲ್ಲಿದೆಯೇ, ವಿಳಾಸ ತಾಳೆಯಾಗುತ್ತದೆಯೇ ನೋಡಿ. ಅಷ್ಟಕ್ಕೇ ನಂಬಿಬಿಡಬೇಡಿ; ಅಸಲಿ ಕಂಪನಿಯ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ.

ಬ್ರೆಜಿಲ್‌ನ ಆಮದು-ರಫ್ತಿನ ಲೆಕ್ಕಕ್ಕೆ ಅಲ್ಲಿನ ಸರ್ಕಾರದ ಜಾಲತಾಣ ಕೊಮೆಕ್ಸ್ ಸ್ಟಾಟ್, ಬಡ್ಡಿದರಕ್ಕೆ ಕೇಂದ್ರ ಬ್ಯಾಂಕ್, ಹಣದುಬ್ಬರಕ್ಕೆ ಅಂಕಿಅಂಶ ಸಂಸ್ಥೆ ಐಬಿಜಿಇ, ಷೇರು ಹೂಡಿಕೆಗೆ ಮಾರುಕಟ್ಟೆ ನಿಯಂತ್ರಕ ಸಿವಿಎಂ ನೋಡಿ. ಅಂಕಿ ಓದುವಾಗಲೂ ಜೋಪಾನ: ಅಲ್ಲಿ 1.500 ಎಂದರೆ ಒಂದೂವರೆಯಲ್ಲ, ಒಂದೂವರೆ ಸಾವಿರ! ಒಪ್ಪಂದ ಪೋರ್ಚುಗೀಸ್ ಭಾಷೆಯಲ್ಲಿದ್ದರೆ ಬಲ್ಲವರಿಂದ ಓದಿಸಿ, ಆಮೇಲೆ ಸಹಿ ಹಾಕಿ.