ಬೇರೆಯವರ ಸಭಾಭವನದಲ್ಲಿ ನಮ್ಮ ಮೇಜು

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರು ಬಿಟ್ಟು ಶಿರಸಿ ಸೀಮೆಯ ನಮ್ಮೂರಿಗೆ ಬಂದವನು ಇಲ್ಲೇ ಉಳಿದುಬಿಟ್ಟೆ. ಆ ಮಳೆಗಾಲದಲ್ಲಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಟಾರ್ಪಾಲಿನ ಕೆಳಗೆ ಲ್ಯಾಪ್‌ಟಾಪ್ ಬಿಚ್ಚಿ ಕೂತವರಲ್ಲಿ ನಾನೂ ಒಬ್ಬ. ಕೆಲಸಕ್ಕೆಂದೇ ಕಟ್ಟಡ ಕಟ್ಟುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಆದರೆ ಊರೂರಿಗೂ ಸಭಾಭವನಗಳಿದ್ದವು: ಸಹಕಾರಿ ಸೊಸೈಟಿಯ ಮಾಳಿಗೆ, ದೇವಸ್ಥಾನದ ಸಮುದಾಯ ಭವನ, ಯಕ್ಷಗಾನ ಸಂಘದ ಕೋಣೆ. ವಾರದ ಹೆಚ್ಚಿನ ದಿನ ಅವಕ್ಕೆ ಬೀಗ. ಅಲ್ಲಿ ಮೇಜು ಹಾಕಿ, ಬೇರೆ ಬೇರೆ ಕೆಲಸದವರು ಒಟ್ಟಿಗೆ ಕೂತು ದುಡಿಯುವ ಕೋವರ್ಕಿಂಗ್ ಜಾಗ ಶುರು ಮಾಡೋಣ ಎಂದು ಹೊರಟೆ.

ಮೊದಲನೆಯದು ಒಂದು ಸಮುದಾಯ ಭವನ. ಅಧ್ಯಕ್ಷರು ಬಾಯಿಮಾತಿನಲ್ಲೇ ಒಪ್ಪಿದರು. ಫೈಬರ್ ಎಳೆಸಿದೆ, ಇನ್ವರ್ಟರ್ ಕೂರಿಸಿದೆ, ಎಂಟು ಮೇಜುಗಳನ್ನು ಗೋಡೆಗೆ ಮೊಳೆ ಹೊಡೆದು ಭದ್ರ ಮಾಡಿದೆ. ತಪ್ಪಿದ್ದು ಅಲ್ಲೇ. ಮಾಘ ಬಂತು, ಮದುವೆಗಳು ಬಂದವು. ಊಟದ ಪಂಕ್ತಿ ಹಾಕುವ ಜಾಗದಲ್ಲಿ ನನ್ನ ಮೇಜುಗಳು. ಹೆಣ್ಣಿನ ಮನೆಯವರು ಎಷ್ಟೋ ತಿಂಗಳ ಮುಂಚೆ ಭವನ ಹಿಡಿದಿದ್ದರು. ಅವರ ಕೋಪ ನ್ಯಾಯದ್ದೇ. ಒಂದೇ ವಾರದಲ್ಲಿ ಎಲ್ಲ ಕಿತ್ತುಕೊಂಡು ಬಂದೆ. ಖಾಲಿ ಅಂತ ಕಂಡದ್ದು ನನ್ನ ಕಣ್ಣಿಗೆ. ಊರವರ ಲೆಕ್ಕದಲ್ಲಿ ಅದು ಮದುವೆ, ಉಪನಯನ, ವೈಕುಂಠ ಸಮಾರಾಧನೆಗೆಂದು ಕಾದಿಟ್ಟ ಜಾಗ. ಹಿಂದಿನ ವರ್ಷದ ಬುಕಿಂಗ್ ಪುಸ್ತಕ ತೆಗೆದು ನೋಡಿದ್ದರೆ ಸಾಕಿತ್ತು.

ಆ ದಿನಗಳಲ್ಲಿ ಬ್ರಾಡ್ ನ್ಯೂಬರ್ಗ್ ಬಗ್ಗೆ ಓದಿದೆ. 2005ರ ಆಗಸ್ಟ್‌ನಲ್ಲಿ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಕೋವರ್ಕಿಂಗ್ ಜಾಗ ತೆರೆದದ್ದು ಸ್ವಂತ ಕಟ್ಟಡದಲ್ಲಲ್ಲ. ಸ್ಪೈರಲ್ ಮ್ಯೂಸ್ ಎಂಬ ಮಹಿಳಾ ಬಳಗದ ಮನೆಯಲ್ಲಿ, ವಾರಕ್ಕೆ ಎರಡೇ ದಿನ. ಮಡಚುವ ಮೇಜುಗಳನ್ನು ಹಾಕಿ ಕಾಯುತ್ತಿದ್ದರಂತೆ. ಮೊದಲ ತಿಂಗಳು ಒಬ್ಬರೂ ಬರಲಿಲ್ಲ. ನನ್ನನ್ನು ಹಿಡಿದದ್ದು ಆ ಮಡಚುವ ಮೇಜು. ಮೊಳೆ ಹೊಡೆದವನಿಗೆ ಅದರ ಬೆಲೆ ಗೊತ್ತು.

ಎರಡನೇ ಸಲ ಸೊಸೈಟಿಗೆ ಹೋದೆ. ಬಾಡಿಗೆಯ ಲೆಕ್ಕ ಬರೆದುಕೊಂಡೇ ಹೋಗಿದ್ದೆ. ಸೆಕ್ರೆಟರಿ ಆ ಹಾಳೆ ಮುಟ್ಟಲಿಲ್ಲ. “ತಮಾ, ಬಾಡಿಗೆ ಕಡಿಗೆ ಮಾತಾಡನ. ಕೀಲಿ ಯಾರ ಹತ್ರ ಇರ್ತು?” ಎಂದರು. ಕೆಳಗೆ ತಿಜೋರಿ, ಅದರಲ್ಲಿ ಸದಸ್ಯರು ಅಡವಿಟ್ಟ ಚಿನ್ನ. ನಮ್ಮ ಹುಡುಗರೋ ಅಮೆರಿಕದವರ ಜೊತೆ ರಾತ್ರಿ ಹನ್ನೊಂದರವರೆಗೆ ಮಾತಾಡುವವರು. ಕೊನೆಗೆ ಸೊಸೈಟಿಯ ಸಮಯವೇ ನಮ್ಮ ಸಮಯವಾಯಿತು. ಅವರ ಸಿಬ್ಬಂದಿಯೇ ಬಾಗಿಲು ತೆಗೆದು, ಅವರೇ ಹಾಕುವುದು. ರಾತ್ರಿ ಪಾಳಿಯ ನಾಲ್ವರನ್ನು ಕಳೆದುಕೊಂಡೆ, ಬೇಸರವೂ ಆಯಿತು. ಆದರೆ ಒಂದೂವರೆ ವರ್ಷದ ಮೇಲೆ ಹೊರಗಿನ ಮೆಟ್ಟಿಲಿಗೆ ಬೇರೆ ಶಟರ್ ಹಾಕಿಸಿ ಅದರ ಕೀಲಿ ಕೊಟ್ಟವರು ಸೊಸೈಟಿಯವರೇ. ನಾನು ಕೇಳಿರಲಿಲ್ಲ.

ಮೊದಲು ಒಪ್ಪಿಗೆ ಕೇಳಿದಾಗ ಸೊಸೈಟಿಯ ಆಡಳಿತ ಮಂಡಳಿಯ ಹಿರಿಯರೊಬ್ಬರು, ಸಂಘ ಇರುವುದು ಸಾಲ ಕೊಡಲಿಕ್ಕೆ, ಕಂಪ್ಯೂಟರಿನವರಿಗೆ ಕುರ್ಚಿ ಹಾಕಲಿಕ್ಕಲ್ಲ ಎಂದಿದ್ದರು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ನಮ್ಮ ನಾಡಿನ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ್ದು ರೈತ ಸಾಹುಕಾರನ ಬಾಗಿಲಿಗೆ ಹೋಗದಿರಲಿ ಎಂದಲ್ಲವೇ, ಈಗ ನಮ್ಮ ಮಕ್ಕಳು ದುಡಿಮೆಗಾಗಿ ಊರು ಬಿಡದಿರಲಿ ಎಂದು ಕೇಳಿಕೊಳ್ಳುತ್ತಿದ್ದೇನೆ ಎಂದೆ. ಅವರ ಮಗನೂ ಪುಣೆಯಲ್ಲಿದ್ದ. ಆ ತಿಂಗಳೇ ಠರಾವಾಯಿತು. ಒಂದು ಪುಟದ ಕರಾರು: ದಿನ, ಸಮಯ, ಕರೆಂಟಿಗೆ ಸಬ್‌ಮೀಟರ್, ಸೆಪ್ಟೆಂಬರ್‌ನ ಮಹಾಸಭೆಗೆ ಮಾಳಿಗೆ ಪೂರ್ತಿ ಖಾಲಿ. ಗಳಿಕೆಯಲ್ಲಿ ಪಾಲು ಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಆಡಿಟ್‌ನಲ್ಲಿ ವಿವರಿಸುವುದು ಕಷ್ಟ, ಕಡಿಮೆಯಾದರೂ ನಿಗದಿ ಬಾಡಿಗೆ ಕೊಡಿ ಎಂದರು. ಅವರ ಮಾತೇ ಸರಿ ಇತ್ತು.

ಅಷ್ಟಾದರೂ ಹೆಣ್ಣುಮಕ್ಕಳು ಬರಲಿಲ್ಲ. ಇಂಟರ್ನೆಟ್ ಸಾಲದೇನೋ ಎಂದು ಎರಡನೇ ಕಂಪನಿಯ ಲೈನ್ ಹಾಕಿಸಿದೆ. ಮಳೆಗೆ ಕೊಂಬೆ ಬಿದ್ದು ಒಂದು ತಂತಿ ಹರಿದರೆ ಇನ್ನೊಂದಿರುತ್ತದೆ, ಆ ಮಟ್ಟಿಗೆ ಅದು ಒಳ್ಳೆಯದೇ. ಆದರೆ ನಿಜವಾದ ಕಾರಣ ಹೇಳಿದ್ದು ನನ್ನ ಅತ್ತಿಗೆ: ಶೌಚಾಲಯ ಕಟ್ಟಡದ ಹಿಂದೆ, ದೀಪವಿಲ್ಲ, ಒಳಗಿನ ಚಿಲಕ ಮುರಿದಿದೆ. ದೀಪ, ಚಿಲಕ, ನೀರು ಸರಿಯಾದ ತಿಂಗಳೇ ಮೂವರು ಬಂದರು. ಅವರಲ್ಲಿ ಒಬ್ಬರು ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದವರು. ಶೌಚಾಲಯದ ಕೆಲಸವನ್ನು ಮೊದಲ ದಿನವೇ ಮಾಡದಿದ್ದಕ್ಕೆ ನನಗೆ ಇಂದಿಗೂ ನೋವಿದೆ.

ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲೂ ಕೇಳು ಎಂದು ಕೆಲವರು ಹೇಳಿದರು. ಕೇಳಲಿಲ್ಲ. ಓದುವ ಮಕ್ಕಳ ನಡುವೆ ದಿನವಿಡೀ ಫೋನ್ ಮೀಟಿಂಗ್ ಮಾಡುವವರನ್ನು ಕೂರಿಸಬಾರದು.

ಸೊಸೈಟಿಗೆ ನಮ್ಮಿಂದ ಏನು ಸಿಗಬೇಕು ಎಂಬುದನ್ನು ಕಂಡುಕೊಟ್ಟವರು ಸದಸ್ಯರೇ. ಅಡಿಕೆ ಟೆಂಡರಿಗೆ ಬಂದವರೊಬ್ಬರು ಮಾಳಿಗೆ ಹತ್ತಿ, ಮೊಬೈಲಿನಲ್ಲಿ ಪಹಣಿ ತೆಗೆದುಕೊಡಿ ಎಂದರು. ಮರುವಾರ ಐದು ಜನ ಬಂದರು. ಈಗ ಟೆಂಡರ್ ದಿನ ಮಧ್ಯಾಹ್ನ ಒಂದು ತಾಸು ಒಬ್ಬರಾದರೂ ಅದಕ್ಕೆಂದೇ ಕೂರುತ್ತೇವೆ. ಲ್ಯಾಪ್‌ಟಾಪ್ ಮುಂದೆ ಇಡೀ ದಿನ ಮಾಡುವುದೇನು ಎಂಬ ಊರಿನ ಸಂಶಯ ಕರಗಿದ್ದು ಆ ಒಂದು ತಾಸಿನಲ್ಲಿ.

ಮೂರನೆಯದು ಪಕ್ಕದೂರಿನ ಯಕ್ಷಗಾನ ಸಂಘದ ಕೋಣೆ. ಸಂಜೆ ಆರರ ಮೇಲೆ ಚಂಡೆ–ಮದ್ದಳೆಯ ಅಭ್ಯಾಸ, ಹಗಲು ಖಾಲಿ. ಎರಡು ತಿಂಗಳಿಂದ ಅವರ ತಾಳಮದ್ದಲೆಗೆ ಹೋಗುತ್ತಿದ್ದೇನೆ, ಜಮಖಾನೆ ಹಾಸಲು ಕೈ ಜೋಡಿಸುತ್ತೇನೆ. ಬುಕಿಂಗ್ ಪುಸ್ತಕ ನೋಡಿಯಾಗಿದೆ, ಮಡಚುವ ಮೇಜುಗಳನ್ನು ಬಡಗಿಗೆ ಹೇಳಿಯಾಗಿದೆ. ಶೌಚಾಲಯಕ್ಕೆ ನಲ್ಲಿ ಬಂದಿದೆ, ದೀಪ ಬರಬೇಕು. ಅದಾದ ಮೇಲೆಯೇ ಮೇಜು ಸಾಗಿಸುವುದು.