ಕಕ್ಷೆಯಿಂದ ಕಂಡ ಮಂಗಳನ ಹವಾಮಾನ

ಕಲಿಕಾಂಶ: ಧೂಳು ಹಾಗೂ ಮೋಡಗಳನ್ನು ನೋಡಿ ಗ್ರಹವೊಂದರ ಹವಾಮಾನವನ್ನು ಅರಿಯುವ ಬಗೆ, ತಾಳ್ಮೆಯ ವೀಕ್ಷಣೆಯ ಮಹತ್ತ್ವ.

ವಿಷಯ ವಿವರಣೆ

ಅಮೆರಿಕದ ಮ್ಯಾರಿನರ್ 9 ನೌಕೆಯು 1971ರ ನವೆಂಬರ್ 14ರಂದು ಮಂಗಳನ ಕಕ್ಷೆಯನ್ನು ಸೇರಿತು. ಅನ್ಯಗ್ರಹವೊಂದನ್ನು ಸುತ್ತಿದ ಮೊದಲ ನೌಕೆ ಇದು. ನೆಲದ ನಕ್ಷೆಯನ್ನು ಸಿದ್ಧಪಡಿಸುವುದು ಅದರ ಮುಖ್ಯ ಕಾರ್ಯ. ಆದರೆ ಸೆಪ್ಟೆಂಬರಿನಲ್ಲಿ ಎದ್ದ ಧೂಳಿನ ಬಿರುಗಾಳಿಯು ಅಷ್ಟರಲ್ಲಿ ಇಡೀ ಗ್ರಹವನ್ನು ಮುಸುಕಿತ್ತು. ದಕ್ಷಿಣ ಧ್ರುವದ ಹಿಮ ಹಾಗೂ ನಾಲ್ಕು ಕಪ್ಪು ಕಲೆಗಳ ಹೊರತು ಮೊದಲ ಚಿತ್ರಗಳಲ್ಲಿ ಹೆಚ್ಚೇನೂ ಕಾಣಲಿಲ್ಲ.

ಆಗಲೇ ಸೋವಿಯತ್ ಒಕ್ಕೂಟದ ಮಾರ್ಸ್ 2 ಮತ್ತು ಮಾರ್ಸ್ 3 ನೌಕೆಗಳೂ ಬಂದವು. ಅವುಗಳ ಕಾರ್ಯಕ್ರಮವನ್ನು ಬದಲಿಸುವ ಅವಕಾಶವಿರಲಿಲ್ಲ, ಬಿರುಗಾಳಿಯಲ್ಲೇ ಇಳಿಯಬೇಕಾಯಿತು. ಒಂದರ ಘಟಕವು ನೆಲಕ್ಕೆ ಅಪ್ಪಳಿಸಿತು. ಇನ್ನೊಂದು ಇಳಿದರೂ ಕೆಲವೇ ಸೆಕೆಂಡುಗಳಲ್ಲಿ ಮೌನವಾಯಿತು. ಮ್ಯಾರಿನರ್ ನೌಕೆಗೆ ಭೂಮಿಯಿಂದ ಹೊಸ ಆದೇಶ ಕಳುಹಿಸಲು ಸಾಧ್ಯವಿದ್ದುದರಿಂದ, ನಕ್ಷೆಯ ಕೆಲಸವನ್ನು ಮುಂದೂಡಲಾಯಿತು.

ಕಾದ ದಿನಗಳು ವ್ಯರ್ಥವಾಗಲಿಲ್ಲ. ಧೂಳು ಬಿಸಿಲನ್ನು ಹೀರಿ ವಾಯುಮಂಡಲವನ್ನು ಬಿಸಿಮಾಡುತ್ತದೆ, ನೆಲವನ್ನು ತಂಪಾಗಿಸುತ್ತದೆ ಎಂಬುದನ್ನು ನೌಕೆಯ ಅವಕೆಂಪು ಉಪಕರಣವು ತೋರಿಸಿತು. ಧೂಳು ಇಳಿದಂತೆ, ಆ ನಾಲ್ಕು ಕಲೆಗಳು ಬೃಹತ್ ಜ್ವಾಲಾಮುಖಿಗಳ ಶಿಖರಗಳೆಂದು ತಿಳಿಯಿತು. ಅವುಗಳಲ್ಲಿ ಒಲಿಂಪಸ್ ಮಾನ್ಸ್‌ನ ಎತ್ತರ ಸುಮಾರು 22 ಕಿ.ಮೀ. 1972ರ ಅಕ್ಟೋಬರ್‌ವರೆಗೆ ನೌಕೆಯು 7,329 ಚಿತ್ರಗಳನ್ನು ಕಳುಹಿಸಿತು.

ಮಂಗಳನ ಎತ್ತರದ ಪರ್ವತಗಳ ಇಳಿಜಾರಿನಲ್ಲಿ ಬಿಳಿಮೋಡಗಳೂ ಕಾಣುತ್ತವೆ. ಗಾಳಿಯು ಇಳಿಜಾರನ್ನು ಏರುತ್ತ ತಣಿದಾಗ, ಅದರಲ್ಲಿರುವ ಅಲ್ಪ ನೀರಾವಿಯು ಹಿಮಕಣಗಳಾಗುತ್ತದೆ. ನೀಲಗಿರಿ, ವಯನಾಡುಗಳ ಬೆಟ್ಟಗಳಿಗೆ ಮೋಡ ಕವಿಯುವುದೂ ಇದೇ ನಿಯಮದಿಂದ. ಆದರೆ ಮಂಗಳನ ಮೋಡ ಮಳೆ ಸುರಿಸುವುದಿಲ್ಲ. ಅಲ್ಲಿನ ವಾಯುವಿನ ಒತ್ತಡ ಭೂಮಿಯದರ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿದ ಭಾರತದ ಮಂಗಳಯಾನವು ದೀರ್ಘವೃತ್ತದ ಕಕ್ಷೆಯ ದೂರದ ತುದಿಯಿಂದ ಗ್ರಹದ ಪೂರ್ಣಬಿಂಬವನ್ನೇ ಚಿತ್ರಿಸಿತು. ಹವಾಮಾನದ ಅಧ್ಯಯನಕ್ಕೆ ಇಂತಹ ವಿಶಾಲ ನೋಟವೂ ಅಗತ್ಯ.

ಚಟುವಟಿಕೆ

ಒಂದು ವಾರ, ದಿನಕ್ಕೆ ಮೂರು ನಿಗದಿತ ವೇಳೆಗಳಲ್ಲಿ, ಮಕ್ಕಳು ಒಂದೇ ಸ್ಥಳದಿಂದ ಆಕಾಶದ ಚಿತ್ರ ಬರೆಯಲಿ. ಮಂಜು ಕವಿದು ಏನೂ ಕಾಣದ ದಿನ ಪುಟವನ್ನು ಖಾಲಿ ಬಿಡದೆ, ಯಾವುದು ಮರೆಮಾಡಿತು, ಎಷ್ಟು ಹೊತ್ತು ಎಂಬುದನ್ನು ಬರೆಯಿಸಿರಿ. ಮರೆಮಾಡಿದುದೂ ಹವಾಮಾನವೇ ಎಂಬುದು ಈ ಪಾಠದ ತಿರುಳು.

ಪ್ರಶ್ನೆಗಳು

1. ಬಿರುಗಾಳಿಯ ನಡುವೆಯೂ ನಾಲ್ಕು ಕಲೆಗಳು ಮಾತ್ರ ಏಕೆ ಕಂಡವು?
2. ಎರಡು ಗಂಟೆಗಳ ಅಂತರದ ಎರಡು ಚಿತ್ರಗಳಲ್ಲಿ ಮೋಡವೊಂದು 60 ಕಿ.ಮೀ. ಸರಿದಿದ್ದರೆ ಅದರ ವೇಗವೆಷ್ಟು? ಒಂದೇ ಚಿತ್ರದಿಂದ ಇದನ್ನು ತಿಳಿಯಬಹುದೇ?