ಹಳೆಯ ಬಾವುಟ ಕೊಳ್ಳುವವರಿಗೆ ಹತ್ತು ಸೂತ್ರಗಳು

ಹಳೆಯ ನಾಣ್ಯ, ಅಂಚೆಚೀಟಿ ಕೂಡಿಡುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಬಾವುಟ ಕೂಡಿಡುವವರು ಅಪರೂಪ. ಹಾಗಾಗಿ ಗುಜರಿ ಅಂಗಡಿಯಿಂದ ಆನ್‌ಲೈನ್ ಹರಾಜಿನವರೆಗೆ ಮಾರುವವನು ಹೇಳಿದ್ದೇ ಇತಿಹಾಸ. ‘ಗಾಂಧೀಜಿ ಕಾಲದ್ದು ಸಾರ್’ ಎಂಬ ಒಂದೇ ಮಾತಿಗೆ ಬೆಲೆ ಎಲ್ಲಿಂದ ಎಲ್ಲಿಗೋ ಏರುತ್ತದೆ. ಈ ಹವ್ಯಾಸದಲ್ಲಿ ಗೆಲ್ಲುವ ಗುಟ್ಟು ಇಷ್ಟೇ: ಬಾಯಿಮಾತಿನ ಕಥೆಗೆ ದುಡ್ಡು ಕೊಡಬೇಡಿ. ಬಟ್ಟೆಗೆ ಕೊಡಿ, ಕಾಗದಕ್ಕೆ ಕೊಡಿ.

1. ನಾಲ್ಕು ಇಸವಿ ಬಾಯಿಪಾಠ ಮಾಡಿ

1907: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಮೇಡಂ ಕಾಮಾ ಹಾರಿಸಿದ ಬಾವುಟ, ನಡುವಿನ ಪಟ್ಟಿಯಲ್ಲಿ ದೇವನಾಗರಿಯ ‘ವಂದೇ ಮಾತರಂ’. 1921: ಪಿಂಗಳಿ ವೆಂಕಯ್ಯನವರ ಕಲ್ಪನೆಯಿಂದ ಬೆಳೆದ ಸ್ವರಾಜ್ಯ ಧ್ವಜ, ಮೇಲಿನಿಂದ ಬಿಳಿ, ಹಸಿರು, ಕೆಂಪು, ಪಟ್ಟಿಗಳ ಮೇಲೆ ಹರಡಿಕೊಂಡ ದೊಡ್ಡ ಚರಕ. 1931: ಕೇಸರಿ, ಬಿಳಿ, ಹಸಿರು, ಚರಕ ಬಿಳಿ ಪಟ್ಟಿಗೆ ಬಂತು. 1947ರ ಜುಲೈ 22: ಸಂವಿಧಾನ ರಚನಾ ಸಭೆ ಚರಕದ ಜಾಗದಲ್ಲಿ 24 ಅರಗಳ ಅಶೋಕ ಚಕ್ರವನ್ನು ಒಪ್ಪಿತು. ಇಷ್ಟು ನೆನಪಿದ್ದರೆ ಅರ್ಧ ಮೋಸ ಅಂಗಡಿ ಬಾಗಿಲಲ್ಲೇ ನಿಲ್ಲುತ್ತದೆ.

2. ಕಥೆಯನ್ನು ಇಸವಿಯ ಎದುರು ನಿಲ್ಲಿಸಿ

ವಿದುರಾಶ್ವತ್ಥದ್ದು ಎಂದು ಚಕ್ರವಿರುವ ಬಾವುಟ ತೋರಿಸಿದರೆ ನಮಸ್ಕಾರ ಹೇಳಿ ಹೊರಡಿ. ಶಿವಪುರದ ಧ್ವಜ ಸತ್ಯಾಗ್ರಹವೂ ವಿದುರಾಶ್ವತ್ಥದ ಗೋಲಿಬಾರೂ ನಡೆದದ್ದು 1938ರಲ್ಲಿ, ಚರಕದ ಕಾಲದಲ್ಲಿ. ‘1947ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ಹಾರಿದ್ದು’ ಎಂದರೂ ಅನುಮಾನಿಸಿ; ನೆಹರೂ ಅಲ್ಲಿ ಧ್ವಜ ಏರಿಸಿದ್ದು ಮರುದಿನ, 16ರಂದು. ಶ್ರೀರಂಗಪಟ್ಟಣದ 1799ರ ಯುದ್ಧದ್ದೆಂದು ಯೂನಿಯನ್ ಜ್ಯಾಕ್ ಬಂದರೆ ಓರೆಯಾದ ಕೆಂಪು ಗೆರೆಗಳನ್ನು ಹುಡುಕಿ. ಐರ್ಲೆಂಡಿನ ಗುರುತಾದ ಆ ಗೆರೆಗಳು ಸೇರಿದ್ದು 1801ರಲ್ಲಿ. ಅವು ಇದ್ದರೆ ಟಿಪ್ಪುವಿನ ಕಾಲದ ಮಾತು ಅಲ್ಲಿಗೇ ಮುಗಿಯಿತು.

3. ನಕ್ಷತ್ರ ಎಣಿಸಿ, ಆದರೆ ಎಣಿಕೆಯೊಂದನ್ನೇ ನಂಬಬೇಡಿ

ಅಮೆರಿಕದಲ್ಲಿರುವ ನಮ್ಮವರು ಅಲ್ಲಿನ ಹಳೆಯ ಬಾವುಟ ಕೊಳ್ಳಲು ಹೊರಟರೆ ಈ ಸೂತ್ರ. ರಾಜ್ಯಕ್ಕೊಂದು ನಕ್ಷತ್ರವಾದ್ದರಿಂದ ಎಣಿಕೆಯೇ ಕಾಲವನ್ನು ಹೇಳುತ್ತದೆ. 48 ನಕ್ಷತ್ರದ್ದು 1912ರಿಂದ 1959ರವರೆಗೆ ಚಲಾವಣೆಯಲ್ಲಿತ್ತು, ಈಗಲೂ ಧಾರಾಳವಾಗಿ ಸಿಗುತ್ತದೆ. 49ರದ್ದು ಬಾಳಿದ್ದು ಒಂದೇ ವರ್ಷ. ಬಲೆ ಇರುವುದು 13ರಲ್ಲಿ. ಮೊದಲ 13 ರಾಜ್ಯಗಳ ನೆನಪಿಗೆ ಆ ಬಾವುಟವನ್ನು ಆಮೇಲೂ ಹೊಲಿಯುತ್ತಲೇ ಇದ್ದರು. ಅಲ್ಲಿನ ನೌಕಾಪಡೆಯ ಸಣ್ಣ ದೋಣಿಗಳು 1916ರವರೆಗೂ ಅದನ್ನೇ ಕಟ್ಟಿಕೊಂಡಿದ್ದವು. 13 ಕಂಡ ಕೂಡಲೇ 1777 ಎನ್ನಬೇಡಿ.

4. ಭೂತಗನ್ನಡಿ ಇಲ್ಲದೆ ಮನೆ ಬಿಡಬೇಡಿ

ಕೈಯಲ್ಲಿ ನೂತ ಖಾದಿಯ ಎಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮಿಲ್ಲಿನ ನೂಲು ಉದ್ದಕ್ಕೂ ಒಂದೇ ಸಮ. ಇನ್ನು ಹೊಲಿಗೆಯ ಅಂಚನ್ನು ಮೆಲ್ಲಗೆ ಮಗುಚಿ ನೋಡಿ. ನಿಜವಾಗಿ ಬಿಸಿಲುಂಡ ಬಾವುಟದಲ್ಲಿ ಮಡಿಕೆಯ ಒಳಗಿನ ಬಣ್ಣ ಇನ್ನೂ ಗಾಢವಾಗಿರುತ್ತದೆ, ಹೊರಗಿನದು ಮಾಸಿರುತ್ತದೆ. ಗಾಳಿಗೆ ಬಡಿದುಕೊಳ್ಳುವ ತುದಿ ಸವೆದು ಎಳೆ ಬಿಟ್ಟಿರುತ್ತದೆ, ಕಂಬದ ಕಡೆ ಗಟ್ಟಿಯಾಗಿಯೇ ಉಳಿದಿರುತ್ತದೆ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ‘ಹಳತು’ ಮಾಡಿದ್ದು ಮಡಿಕೆಯ ಒಳಗೂ ಹೊರಗೂ ಒಂದೇ ಕಂದು.

5. ಯುವಿ ಟಾರ್ಚ್ ಜೇಬಿನಲ್ಲಿರಲಿ

ನೋಟು ಪರೀಕ್ಷಿಸುವ ಅಗ್ಗದ ಟಾರ್ಚ್ ಸಾಕು. ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕಗಳು ವ್ಯಾಪಕವಾದದ್ದು ಎರಡನೇ ಮಹಾಯುದ್ಧದ ನಂತರ. ಕತ್ತಲಲ್ಲಿ ಬಿಳಿ ಪಟ್ಟಿ ನೀಲಿಯಾಗಿ ಝಗ್ಗೆಂದರೆ, ಒಂದೋ ಬಟ್ಟೆ ಈಚಿನದು, ಇಲ್ಲವೇ ಯಾರೋ ಸೋಪುಪುಡಿ ಹಾಕಿ ಒಗೆದಿದ್ದಾರೆ. ಹೊಲಿಗೆ ದಾರದ ಮೇಲೂ ಬೆಳಕು ಬಿಡಿ. ಬಟ್ಟೆ ಮಂಕಾಗಿದ್ದು ದಾರ ಮಾತ್ರ ಹೊಳೆದರೆ ಈಚೆಗೆ ಕೈಯಾಡಿಸಿದ್ದಾರೆ ಎಂದರ್ಥ. ಪಾಲಿಯೆಸ್ಟರ್ ಮಾರುಕಟ್ಟೆಗೆ ಬಂದದ್ದೇ 1950ರ ದಶಕದಲ್ಲಿ. 1942ರ ಚಳವಳಿಯ ಬಾವುಟದಲ್ಲಿ ಆ ದಾರಕ್ಕೆ ಕೆಲಸವಿಲ್ಲ.

6. ಚಕ್ರಕ್ಕಿಂತ ಮೊದಲು ಹಗ್ಗದ ಕಡೆ ನೋಡಿ

ಎಲ್ಲರ ಕಣ್ಣೂ ಚಕ್ರದ ಮೇಲೆ. ನೀವು ಹಗ್ಗ ತೂರಿಸುವ ಪಟ್ಟಿಯ ಕಡೆ ನೋಡಿ. ಮರದ ಗುಬುಟು, ದಪ್ಪ ಖಾದಿಯ ತೋಳು, ಮಾಸಿದ ಮುದ್ರೆ, ಅಳತೆ ಎಲ್ಲ ಇರುವುದು ಅಲ್ಲೇ. ಸ್ವತಂತ್ರ ಭಾರತದ ಮಾನಕ ಸಂಸ್ಥೆಯ ಐಎಸ್ 1, ಅಂದರೆ ಒಂದನೇ ನಂಬರಿನ ಮಾನದಂಡ, ರಾಷ್ಟ್ರಧ್ವಜದ್ದೇ. ಅದು ಬಂದದ್ದು 1951ರಲ್ಲಿ. ಅಳತೆಗಳು ಮೊದಲು ಅಡಿ, ಅಂಗುಲದಲ್ಲಿದ್ದವು, ಮೆಟ್ರಿಕ್ ಆದದ್ದು 1960ರ ದಶಕದಲ್ಲಿ. ಧಾರವಾಡದ ಗರಗದ ಖಾದಿ, ಹುಬ್ಬಳ್ಳಿಯ ಬೆಂಗೇರಿಯ ಘಟಕದ ಧ್ವಜ ಎರಡನ್ನೂ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬೆಂಗೇರಿಗೆ ಮಾನಕ ಸಂಸ್ಥೆಯ ಪ್ರಮಾಣಪತ್ರ ಸಿಕ್ಕಿದ್ದು 2006ರಲ್ಲಿ. ಸರಿಯಾದದ್ದನ್ನು ಮುಟ್ಟಿದ ಬೆರಳು ನಕಲಿಗೆ ಬೇಗ ಮೋಸಹೋಗುವುದಿಲ್ಲ.

7. ಮನೆಯವರ ಮಾತನ್ನು ಬರೆಸಿಕೊಳ್ಳಿ

1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಡಾ. ನಾ. ಸು. ಹರ್ಡೀಕರರ ಹುಬ್ಬಳ್ಳಿ ಸ್ವಯಂಸೇವಕರೂ ಹೋಗಿ ಜೈಲು ಸೇರಿದರು. ಅಂಥ ಮನೆತನದ ಟ್ರಂಕಿನಿಂದ ಬಂದ ಬಾವುಟಕ್ಕೂ ಊರು-ಹೆಸರಿಲ್ಲದ ಬಾವುಟಕ್ಕೂ ಬೆಲೆಯಲ್ಲಿ ಅಜಗಜಾಂತರ. ಯಾರದ್ದು, ಯಾವ ಊರಿನದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದನ್ನು ಮನೆಯ ಹಿರಿಯರಿಂದ ಬರೆಸಿ, ತಾರೀಖು ಹಾಕಿ ಸಹಿ ಪಡೆಯಿರಿ. ಜೈಲಿನ ಕಾಗದ, ಹಳೆಯ ಫೋಟೊ, ಪಿಂಚಣಿ ಆದೇಶ ಇದ್ದರೆ ಪ್ರತಿ ತೆಗೆಸಿಕೊಳ್ಳಿ. ಅಜ್ಜಿ ಇದ್ದಾಗಲೇ ಕೇಳಿ.

8. ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಲ್ಯಾಮಿನೇಟ್ ಮಾಡಲೇಬೇಡಿ

ಹಳೆಯ ಕೆಂಪು ಬಣ್ಣ ನೀರು ಕಂಡರೆ ಬಿಳಿ ಪಟ್ಟಿಗೆ ಇಳಿಯುತ್ತದೆ, ಕಲೆಯ ಜೊತೆ ಸಾಕ್ಷಿಯೂ ಹೋಗುತ್ತದೆ. ಮಡಿಚಿಟ್ಟರೆ ಮಡಿಕೆಯಲ್ಲೇ ಬಿರಿಯುತ್ತದೆ. ಅಗಲವಾದ ಕೊಳವೆಗೆ ಆಮ್ಲರಹಿತ ಕಾಗದ ಸುತ್ತಿ, ಅದರ ಮೇಲೆ ಬಾವುಟ ಸುರುಳಿ ಸುತ್ತಿ, ಹೊರಗೆ ಒಗೆದ ಮಲ್ ಬಟ್ಟೆ ಹೊದಿಸಿ. ನುಸಿಗುಳಿಗೆ ಬಟ್ಟೆಗೆ ತಾಗದಿರಲಿ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು-ಕರಾವಳಿಯ ಮನೆಗಳಲ್ಲಿ, ಸಿಲಿಕಾ ಜೆಲ್ ಪೊಟ್ಟಣ ತಿಂಗಳಿಗೊಮ್ಮೆ ಬದಲಿಸಿ. ಗೋಡೆಗೆ ಹಾಕುವುದಾದರೆ ಬಿಸಿಲು ಬೀಳದ ಗೋಡೆ, ಯುವಿ ತಡೆಯುವ ಗಾಜು.

9. ಕಾನೂನಿನ ಗೆರೆ ದಾಟಬೇಡಿ

ಅಶೋಕ ಚಕ್ರದ ಧ್ವಜ ಎಷ್ಟೇ ಹಳತಾಗಲಿ, ರಾಷ್ಟ್ರಧ್ವಜವೇ. 1971ರ ರಾಷ್ಟ್ರಗೌರವ ಕಾಯ್ದೆ ಪ್ರಕಾರ ಅದರ ಮೇಲೆ ಬರೆಯುವುದು ಅಪರಾಧ. ನಿಮ್ಮ ಸಂಗ್ರಹದ ನಂಬರನ್ನು ಕೊಳವೆಯ ಮೇಲೆ ಬರೆಯಿರಿ. 2002ರ ಧ್ವಜ ಸಂಹಿತೆಯಂತೆ ಹರಿದದ್ದನ್ನು ಪ್ರದರ್ಶನಕ್ಕೆ ಇಡುವಂತಿಲ್ಲ, ಒಳಗೆ ಜೋಪಾನವಾಗಿರಲಿ. ಅಡ್ಡಲಾಗಿ ತೂಗಿದರೆ ಕೇಸರಿ ಮೇಲೆ, ಉದ್ದಕ್ಕೆ ತೂಗಿದರೆ ನೋಡುವವರ ಎಡಕ್ಕೆ. ಇನ್ನೊಂದು: ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು 1972ರ ಕಾಯ್ದೆಯಡಿ ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ನಾಗಪುರ ಸತ್ಯಾಗ್ರಹದ ಬಾವುಟಗಳಿಗೆ ಆ ವಯಸ್ಸಾಗಿದೆ. ವಿದೇಶದಲ್ಲಿರುವ ಮಗಳ ಸೂಟ್‌ಕೇಸಿಗೆ ಹಾಕಿ ಕಳಿಸಬೇಡಿ.

10. ಸಣ್ಣದರಿಂದ ಶುರು ಮಾಡಿ, ಒಂದೇ ದಾರಿ ಹಿಡಿಯಿರಿ

ಮೊದಲ ಖರೀದಿಯೇ ದೊಡ್ಡ ಬಾವುಟವಾಗಬೇಕಿಲ್ಲ. 1947ರ ನವೆಂಬರ್ 21ರಂದು ಹೊರಬಂದ ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ, ಮೂರೂವರೆ ಆಣೆಯದು, ಹಾರುವ ತ್ರಿವರ್ಣ ಧ್ವಜದ್ದೇ. ಅಲ್ಲಿಂದ ಶುರು ಮಾಡಿ. ಬ್ಯಾಡ್ಜು, ಕಾಗದದ ಬಾವುಟ, ಮೆರವಣಿಗೆಯ ಫೋಟೊ ಕೂಡಿಸುತ್ತ ಕಣ್ಣು ಪಳಗಿಸಿ. ಚೆನ್ನೈಗೆ ಹೋದಾಗ ಸೇಂಟ್ ಜಾರ್ಜ್ ಕೋಟೆಯ ಮ್ಯೂಸಿಯಂನಲ್ಲಿ, 1947ರ ಆಗಸ್ಟ್ 15ರಂದು ಆ ಕೋಟೆಯ ಮೇಲೆ ಹಾರಿದ ರೇಷ್ಮೆ ಧ್ವಜ ನೋಡಿ ಬನ್ನಿ. ಆಮೇಲೆ ಒಂದು ದಾರಿ ಆರಿಸಿಕೊಳ್ಳಿ: ಚರಕದ ಕಾಲ, ಮೈಸೂರಿನ ಗಂಡಭೇರುಂಡ, ಇಲ್ಲವೇ ನಿಮ್ಮ ಜಿಲ್ಲೆಯ ಸತ್ಯಾಗ್ರಹ. ಸಿಕ್ಕಿದ್ದೆಲ್ಲ ಕೊಂಡವನ ಮನೆ ಉಗ್ರಾಣವಾಗುತ್ತದೆ. ಒಂದೇ ದಾರಿಯಲ್ಲಿ ಹತ್ತು ಬಾವುಟ, ಹತ್ತಕ್ಕೂ ಕಾಗದ ಇಟ್ಟುಕೊಂಡವನ ಬಳಿಗೆ ಮ್ಯೂಸಿಯಂನವರೇ ಬಂದು ಕೇಳುತ್ತಾರೆ.